ಒಂದು ಹಾಳೆ, ಹಲವು ದಫ್ತರ: ಉತಾರದ ಚರಿತ್ರೆ ಮತ್ತು ಅದರ ಪಾಠ

ನಮ್ಮ ಹತ್ತಿಮತ್ತೂರಿನಂಥ ಊರಿನಲ್ಲಿ ‘ಉತಾರ’ ಎಂಬ ಶಬ್ದ ತಿಳಿಯದ ಮನೆ ಇಲ್ಲ. ಸೊಸೈಟಿಯಲ್ಲಿ ಬೆಳೆಸಾಲ ಬೇಕಾದರೆ ಉತಾರ ಬೇಕು. ಬೆಳೆ ವಿಮೆಗೆ ಅದು ಬೇಕು. ಕೋರ್ಟಿನಲ್ಲಿ ಒಬ್ಬರಿಗೆ ಜಾಮೀನು ನಿಲ್ಲಲು ಹೋದರೂ ವಕೀಲರು ಮೊದಲು ಕೇಳುವುದು ಅದನ್ನೇ. ಸರ್ಕಾರಿ ಭಾಷೆಯಲ್ಲಿ ಅದು ಪಹಣಿ ಅಥವಾ ಆರ್‌.ಟಿ.ಸಿ. ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ಉತಾರವೇ, ಇನ್ನೂ ಹಿರಿಯರಿಗೆ ‘ಸಾತಬಾರಾ’.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದ. ಬಿ.ಸಿ.ಎ. ಓದುತ್ತಿದ್ದಾನೆ. ಮಾತಿಗೆ ಮಾತು ಬಂದು, “ಸರ್, ಡಾಟಾಬೇಸಿನಲ್ಲಿ ಟೇಬಲ್ ಮಾಡುವುದು ತಿಳಿಯುತ್ತದೆ. ಒಂದೇ ಫಾರ್ಮಿನಲ್ಲಿ ತುಂಬಿದ ಮಾಹಿತಿ ನಾಲ್ಕು ಟೇಬಲಿಗೆ ಸರಿಯಾಗಿ ಹೋಗುವಂತೆ ಮಾಡುವುದೇ ತಿಳಿಯುತ್ತಿಲ್ಲ” ಎಂದ. ನಾನು ಕಂಪ್ಯೂಟರ್ ಶಿಕ್ಷಕನಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಆದರೂ ಅವನಿಗೆ, “ನಿಮ್ಮ ಮನೆಯ ಟ್ರಂಕಿನಲ್ಲಿ ಇರುವ ಹಳೆಯ ಉತಾರ ತೆಗೆದುಕೊಂಡು ಬಾ” ಎಂದೆ. ಆ ದಿನ ಸಂಜೆ ನಾವಿಬ್ಬರೂ ಆ ಹಾಳೆಯ ಮುಂದೆ ಕುಳಿತು ಮಾತಾಡಿದ್ದನ್ನೇ ಸ್ವಲ್ಪ ವಿಸ್ತರಿಸಿ, ಸಂಘದ ಸದಸ್ಯರ ಮತ್ತು ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಶಬ್ದಗಳೇ ಹೇಳುವ ಚರಿತ್ರೆ

ಒಂದು ಉತಾರವನ್ನು ಓದುವುದೆಂದರೆ ಐದಾರು ಭಾಷೆಗಳನ್ನು ಒಟ್ಟಿಗೆ ಓದಿದಂತೆ. ‘ಉತಾರಾ’ ಮರಾಠಿ ಶಬ್ದ; ಮೂಲ ವಹಿಯಿಂದ ಇಳಿಸಿಕೊಂಡ ನಕಲು ಎಂದು ಅರ್ಥ. ‘ಪಹಣಿ’ ಕೂಡ ಮರಾಠಿಯದೇ. ‘ಪಾಹಣೆ’ ಎಂದರೆ ನೋಡುವುದು, ಅಂದರೆ ಹೊಲಕ್ಕೆ ಹೋಗಿ ಕಣ್ಣಾರೆ ಕಂಡು ಬರೆದದ್ದು ಪಹಣಿ. ‘ಹಿಸ್ಸಾ’ ಅರಬ್ಬಿ ಭಾಷೆಯಿಂದ ಬಂದದ್ದು, ಪಾಲು ಎಂಬ ಅರ್ಥ. ಬೆಳೆಯದ ನೆಲಕ್ಕೆ ‘ಖರಾಬು’ ಎನ್ನುವುದೂ ಅರಬ್ಬಿಯೇ. ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದಕ್ಕೆ ‘ಪೌತಿ ಖಾತೆ’ ಎನ್ನುತ್ತೇವೆ. ಈ ‘ಪೌತಿ’ ಉರ್ದುವಿನ ‘ಫೌತ್’ ಶಬ್ದವೇ, ಮರಣ ಎಂದು ಅರ್ಥ. ‘ತಹಶೀಲ್ದಾರ’, ‘ಜಮಾಬಂದಿ’, ‘ವಾರಸಾ’, ‘ದಫ್ತರ’, ಕೊನೆಗೆ ‘ರೈತ’ ಎಂಬ ಶಬ್ದವೂ ಅರಬ್ಬಿ-ಫಾರಸಿ ದಾರಿಯಿಂದ ನಮ್ಮ ಕನ್ನಡಕ್ಕೆ ಬಂದು ಇಲ್ಲಿಯ ಮಣ್ಣಿನದೇ ಆಗಿಬಿಟ್ಟಿವೆ. ಈ ನಾಡನ್ನು ಆಳಿದವರು ಬದಲಾದರು, ಲೆಕ್ಕದ ಪುಸ್ತಕ ಮಾತ್ರ ಕೈಯಿಂದ ಕೈಗೆ ಬಂದಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲು ನೆಲಕ್ಕೆ ಒಂದು ನಂಬರು

ಬ್ರಿಟಿಷರಿಗೆ ಮುಂಚೆಯೂ ಊರ ಕುಲಕರ್ಣಿಯ ಬಳಿ ಲೆಕ್ಕದ ದಫ್ತರ ಇತ್ತು. ಆದರೆ ಹೊಲವನ್ನು ಗುರುತಿಸುತ್ತಿದ್ದುದು ಬಹುಮಟ್ಟಿಗೆ ಹೆಸರಿನಿಂದ: ಹುಣಸೀಮರದ ಹೊಲ, ಹಳ್ಳದ ದಂಡೆಯ ಹೊಲ, ಇಂಥವರ ಹಕ್ಕಲು ಎಂಬಂತೆ. ಮರ ಬಿದ್ದರೆ ಹೆಸರು ಹೋಯಿತು, ಮನುಷ್ಯ ಸತ್ತರೆ ಗುರುತು ಹೋಯಿತು.

ಮುಂಬಯಿ ಪ್ರಾಂತದಲ್ಲಿ ಹೊಸ ಬಗೆಯ ಮೋಜಣಿ 1830ರ ದಶಕದಲ್ಲಿ ಪುಣೆಯ ಹತ್ತಿರದ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳಿಂದ ಆರಂಭವಾಯಿತು. ಮುಂದೆ 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮ ಧಾರವಾಡ ಭಾಗದ, ಮೋಜಣಿಯ ಮುಖ್ಯಸ್ಥನಾದ. ಈ ಮೋಜಣಿಯ ನಿಯಮಗಳನ್ನೆಲ್ಲ 1847ರ ಜಂಟಿ ವರದಿಯಲ್ಲಿ ಕ್ರೋಡೀಕರಿಸಲಾಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. 33 ಅಡಿ ಉದ್ದ, 33 ಅಡಿ ಅಗಲದ ತುಂಡು ಒಂದು ಗುಂಟೆ, ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಮೂಲೆಗಳಿಗೆ ಬಾಂದುಕಲ್ಲು ನೆಟ್ಟರು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು ಕೊಟ್ಟರು.

ಈ ಸರ್ವೆ ನಂಬರು ಸಣ್ಣ ಸಂಗತಿಯಲ್ಲ. ಒಂದು ಊರಿನಲ್ಲಿ ಒಂದು ನಂಬರು ಒಂದೇ ಹೊಲಕ್ಕೆ. ಒಡೆಯ ಬದಲಾದರೂ, ಬೆಳೆ ಬದಲಾದರೂ ನಂಬರು ಬದಲಾಗುವುದಿಲ್ಲ. ಹೊಲ ಒಡೆದರೆ ನಂಬರಿನ ಮುಂದೆ ಹಿಸ್ಸಾ ನಂಬರು ಬೀಳುತ್ತದೆ, ಮೂಲ ನಂಬರು ಉಳಿಯುತ್ತದೆ. ಇಂದು ಕಂಪ್ಯೂಟರ್ ಪಠ್ಯದಲ್ಲಿ ‘ಪ್ರೈಮರಿ ಕೀ’ ಎಂದು ಏನನ್ನು ಕಲಿಸುತ್ತಾರೋ ಅದೇ ಕೆಲಸವನ್ನು ನಮ್ಮ ಬಾಂದುಕಲ್ಲುಗಳ ನಡುವಿನ ಸರ್ವೆ ನಂಬರು 180 ವರ್ಷಗಳ ಹಿಂದೆಯೇ ಮಾಡತೊಡಗಿತ್ತು.

ಓದಲು ಒಂದು ಹಾಳೆ, ಬರೆಯಲು ಬೇರೆ ವಹಿ

ಮೋಜಣಿಯಿಂದ ಸರ್ಕಾರಕ್ಕೆ ತಿಳಿದದ್ದು ಎಷ್ಟು ನೆಲ, ಎಷ್ಟು ಆಕಾರ, ಯಾರು ಕಂದಾಯ ಕಟ್ಟುತ್ತಾರೆ ಎಂಬುದು. ಆದರೆ ಅದೇ ಹೊಲದ ಮೇಲೆ ಒತ್ತೆ ಹಿಡಿದವನೊಬ್ಬ, ಪಾಲಿನಿಂದ ಉಳುವವನೊಬ್ಬ, ಪಾಲುದಾರ ತಮ್ಮನೊಬ್ಬ ಇರಬಹುದು. ಈ ಹಕ್ಕುಗಳನ್ನೆಲ್ಲ ಬರೆದಿಡಲು 1903ರಲ್ಲಿ ಮುಂಬಯಿ ಸರ್ಕಾರ ಹಕ್ಕುಪತ್ರಗಳ ಕಾಯಿದೆ ತಂದಿತು. 1913ರಲ್ಲಿ ಅದನ್ನು 1879ರ ಭೂಕಂದಾಯ ಸಂಹಿತೆಯೊಳಗೇ ಸೇರಿಸಿತು. ಹೀಗೆ ತಲಾಠಿಯ ದಫ್ತರದಲ್ಲಿ ನಂಬರು ಹಾಕಿದ ಗ್ರಾಮ ನಮೂನೆಗಳು ಬಂದವು.

ಅವುಗಳಲ್ಲಿ ನಾಲ್ಕನ್ನು ಗಮನಿಸಿದರೆ ನಮ್ಮ ವಿಷಯಕ್ಕೆ ಸಾಕು. 6ನೇ ನಮೂನೆ ಹಕ್ಕು ಬದಲಾವಣೆಯ ಡೈರಿ. ಮಾರಾಟ, ವಾಟ್ನಿ, ವಾರಸಾ ಏನೇ ಆದರೂ ವರ್ದಿ ಮೊದಲು ಇಲ್ಲಿ ಬರೆಯಲ್ಪಡುತ್ತದೆ. 7ನೇ ನಮೂನೆ ಹಕ್ಕುಗಳ ವಹಿ. ಯಾವ ಸರ್ವೆ ನಂಬರಿಗೆ ಯಾರು ಒಡೆಯರು, ಯಾವ ಬೋಜಾ ಇದೆ ಎಂಬುದು ಇಲ್ಲಿ. 8-ಅ ಖಾತೆಯ ವಹಿ. ಒಬ್ಬ ಖಾತೆದಾರನಿಗೆ ಊರಿನಲ್ಲಿ ಎಲ್ಲೆಲ್ಲಿ ಎಷ್ಟು ನೆಲವಿದೆ ಎಂಬುದರ ಒಟ್ಟು. 12ನೆಯದು ಬೆಳೆಯ ವಹಿ. ಯಾವ ವರ್ಷ ಯಾರು ಏನು ಬೆಳೆದರು ಎಂಬ ವಿವರ.

ಏಕೆ ನಾಲ್ಕು ವಹಿ? ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯಬಹುದಿತ್ತಲ್ಲ ಎಂದು ನನ್ನ ವಿದ್ಯಾರ್ಥಿ ಕೇಳಿದ. ಕಾರಣ ಸರಳ. ಹೊಲ ಬದಲಾಗುವುದು ನೂರು ವರ್ಷಕ್ಕೊಮ್ಮೆ, ಒಡೆಯ ಬದಲಾಗುವುದು ಒಂದು ತಲೆಮಾರಿಗೊಮ್ಮೆ, ಬೆಳೆ ಬದಲಾಗುವುದು ಹಂಗಾಮಿಗೊಮ್ಮೆ. ಒಂದೇ ಪುಸ್ತಕದಲ್ಲಿದ್ದರೆ ಈ ವರ್ಷ ಹತ್ತಿಯ ಬದಲು ಮೆಣಸಿನಕಾಯಿ ಹಾಕಿದ್ದಕ್ಕಾಗಿ ಒಡೆಯನ ಹೆಸರನ್ನೂ ವಿಸ್ತೀರ್ಣವನ್ನೂ ಮತ್ತೊಮ್ಮೆ ಬರೆಯಬೇಕು. ಮತ್ತೆ ಮತ್ತೆ ಬರೆದಲ್ಲಿ ತಪ್ಪು ನುಸುಳುತ್ತದೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ತಿದ್ದದೆ ಹೋದರೆ ಯಾವುದು ನಿಜ ಎಂದು ಹೇಳುವವರಿಲ್ಲ. ಆದ್ದರಿಂದ ಒಂದೊಂದು ಸತ್ಯವನ್ನು ಒಂದೊಂದು ಕಡೆ ಮಾತ್ರ ಬರೆಯುವುದು, ಒಂದರಿಂದ ಇನ್ನೊಂದಕ್ಕೆ ನಂಬರಿನಿಂದ ಸಂಬಂಧ ಕಟ್ಟುವುದು.

ಆದರೆ ರೈತನಿಗೆ ನಾಲ್ಕು ವಹಿಯ ಉಸಾಬರಿ ಬೇಡ. ಅವನಿಗೆ ತನ್ನ ಹೊಲದ್ದು ಒಂದು ಹಾಳೆ ಸಾಕು. ಅದಕ್ಕಾಗಿ 7ನೇ ನಮೂನೆಯನ್ನೂ 12ನೇ ನಮೂನೆಯನ್ನೂ ಒಂದೇ ಹಾಳೆಯಲ್ಲಿ ಸೇರಿಸಿ ಕೊಟ್ಟರು. ಮರಾಠಿಯ ಸಾತ್ ಮತ್ತು ಬಾರಾ ಸೇರಿ ‘ಸಾತಬಾರಾ’ ಆಯಿತು. ಅದೇ ನಮ್ಮ ಉತಾರ.

ಇಲ್ಲಿ ಒಂದು ಸೂಕ್ಷ್ಮ ಇದೆ. ತಲಾಠಿ ಉತಾರವನ್ನು ನೋಡಿ ಓದಿ ಹೇಳಬಹುದಿತ್ತು, ಆದರೆ ಹೊಸ ಹಕ್ಕನ್ನು ನೇರವಾಗಿ ಅದರಲ್ಲಿ ಬರೆಯುವಂತಿರಲಿಲ್ಲ. ಮೊದಲು ಡೈರಿಯಲ್ಲಿ ವರ್ದಿ, ಆ ವರ್ದಿಗೆ ಒಂದು ನಂಬರು, ಸಂಬಂಧಪಟ್ಟವರಿಗೆ ನೋಟಿಸು, ತಕರಾರು ಇದ್ದರೆ ವಿಚಾರಣೆ, ಮೇಲಧಿಕಾರಿಯ ಮಂಜೂರಿ. ಇಷ್ಟಾದ ಮೇಲೆಯೇ ಹಕ್ಕಿನ ವಹಿಯಲ್ಲಿ ಹೆಸರು ಬದಲಾಗುತ್ತಿತ್ತು, ಪಕ್ಕದಲ್ಲಿ ಡೈರಿಯ ನಂಬರು ಬೀಳುತ್ತಿತ್ತು. ಹಲವು ವಹಿಗಳನ್ನು ಕೂಡಿಸಿದ ಹಾಳೆಯನ್ನು ಓದುವುದು ಸುಲಭ. ಆ ಹಾಳೆಯ ಮೂಲಕ ಅಷ್ಟೂ ವಹಿಗಳಿಗೆ ಬರೆಯುವುದು ಕಷ್ಟ. ಹಾಗಾಗಿ ಓದುವ ಬಾಗಿಲು ಬೇರೆ, ಬರೆಯುವ ಬಾಗಿಲು ಬೇರೆ ಎಂದು ಆ ಕಾಲದವರೇ ವ್ಯವಸ್ಥೆ ಮಾಡಿದ್ದರು.

ನವಾಬರ ಸೀಮೆ, ಮುಂಬಯಿ ಸೀಮೆ, ಒಂದು ರಾಜ್ಯ

ನಮ್ಮ ತಾಲೂಕಿನ ಕೇಂದ್ರವಾದ ಸವಣೂರು ನವಾಬರ ಸಂಸ್ಥಾನವಾಗಿತ್ತೆಂಬುದು ಎಲ್ಲರಿಗೂ ಗೊತ್ತು. ಸುಮಾರು 70 ಚದರ ಮೈಲಿಯ ಆ ಪುಟ್ಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಆಗ ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು, ಹಳೆ ಮೈಸೂರು ಎಂಬ ಬೇರೆ ಬೇರೆ ಪದ್ಧತಿಯ ಭೂದಾಖಲೆಗಳು ಒಂದೇ ರಾಜ್ಯದ ಕಚೇರಿಗಳಲ್ಲಿ ಕುಳಿತವು. ಅವನ್ನೆಲ್ಲ ಒಂದೇ ಅಚ್ಚಿಗೆ ತಂದದ್ದು 1964ರ ಭೂಕಂದಾಯ ಕಾಯಿದೆ ಮತ್ತು 1966ರ ನಿಯಮಗಳು. ಇವತ್ತಿನ ಪಹಣಿ ಆ ನಿಯಮಗಳ 16ನೇ ನಮೂನೆ. ಇದರ 3ನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು, 9ರಲ್ಲಿ ಒಡೆಯರ ಹೆಸರು, 10ರಲ್ಲಿ ಹಕ್ಕು ಬಂದ ರೀತಿ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು, 12ರಲ್ಲಿ ಸಾಗುವಳಿದಾರ ಎಂಬಂತೆ ಕಾಲಂಗಳಿವೆ.

ಈ ಕಾಲಂಗಳು ಬರೀ ಗೆರೆಗಳಲ್ಲ. 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಜಾರಿಯಾಗಿ ‘ಉಳುವವನೇ ಹೊಲದೊಡೆಯ’ ಎಂದಾಗ ಸಾಗುವಳಿದಾರನ ಕಾಲಂನಲ್ಲಿ ಹೆಸರು ಇದ್ದವನಿಗೆ ಭೂನ್ಯಾಯಮಂಡಳಿಯ ಮುಂದೆ ಬಲವಾದ ಸಾಕ್ಷಿ ಸಿಕ್ಕಿತು. ತಲೆಮಾರಿನಿಂದ ಉತ್ತರೂ ಆ ಕಾಲಂನಲ್ಲಿ ಹೆಸರಿಲ್ಲದವನು ಸಾಕ್ಷಿಗಳಿಗಾಗಿ ಮನೆಮನೆ ಅಲೆಯಬೇಕಾಯಿತು.

ಕಾಡ್‌ ಹೇಳಿದ್ದೂ ಅದನ್ನೇ

1970ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಇಂಗ್ಲೆಂಡ್ ಮೂಲದ ವಿಜ್ಞಾನಿ ಒಂದು ಪ್ರಬಂಧ ಪ್ರಕಟಿಸಿದರು. ದೊಡ್ಡ ಮಾಹಿತಿಯನ್ನು ಸಂಬಂಧ ಇಟ್ಟುಕೊಂಡ ಸರಳ ಕೋಷ್ಟಕಗಳಲ್ಲಿ ಇಡಬೇಕು, ಒಂದೊಂದು ಸಂಗತಿ ಒಂದೊಂದು ಕಡೆ ಮಾತ್ರ ಇರಬೇಕು, ಒಂದು ಕೋಷ್ಟಕದಿಂದ ಇನ್ನೊಂದಕ್ಕೆ ಗುರುತಿನ ಅಂಕಣಗಳ ಮೂಲಕ ಹೋಗಬೇಕು ಎಂಬುದು ಅದರ ಸಾರ. ಇಂದಿನ ಬ್ಯಾಂಕು, ರೈಲ್ವೆ, ಪರೀಕ್ಷಾ ಮಂಡಳಿ ಮುಂತಾದವುಗಳ ಡಾಟಾಬೇಸ್‌ಗಳು ಬಹುಪಾಲು ಈ ತತ್ವದ ಮೇಲೆಯೇ ನಿಂತಿವೆ. 1981ರಲ್ಲಿ ಕಾಡ್‌ ಅವರಿಗೆ ಕಂಪ್ಯೂಟರ್ ಕ್ಷೇತ್ರದ ಅತ್ಯುನ್ನತವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅವರಿಗೆ ನಮ್ಮ ತಲಾಠಿಯ ದಫ್ತರದಿಂದ ಸ್ಫೂರ್ತಿ ಬಂದಿತೆಂದು ನಾನು ಹೇಳುತ್ತಿಲ್ಲ. ಒಂದೇ ಕಷ್ಟವನ್ನು ಎದುರಿಸಿದವರು ಒಂದೇ ದಾರಿಗೆ ಬರುತ್ತಾರೆ ಎಂದಷ್ಟೇ ನನ್ನ ಮಾತು.

ಈಗ ಒಂದು ಲೆಕ್ಕ ಮಾಡೋಣ. ಕಲ್ಪನೆಯ ಒಂದು ಹೊಲ: 4 ಎಕರೆ 20 ಗುಂಟೆ, ಅದರಲ್ಲಿ 20 ಗುಂಟೆ ಖರಾಬು. ಉಳಿದದ್ದು 4 ಎಕರೆ, ಅಂದರೆ 160 ಗುಂಟೆ. ಒಡೆಯ ತೀರಿಕೊಂಡ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮನೆಯವರು ಒಪ್ಪಿ ಫರಾಯಿಜ್ ಪ್ರಕಾರ ಪಾಲು ಮಾಡಿದರು. ಹೆಂಡತಿಗೆ ಎಂಟನೆಯ ಒಂದು ಪಾಲು, 20 ಗುಂಟೆ. ಉಳಿದ 140ರಲ್ಲಿ ಗಂಡುಮಕ್ಕಳಿಗೆ 40ರಂತೆ 80, ಹೆಣ್ಣುಮಕ್ಕಳಿಗೆ 20ರಂತೆ 60. ಒಟ್ಟು 160, ತಾಳೆಯಾಯಿತು.

ಈ ಒಂದು ವರ್ದಿಯನ್ನು ಕಂಪ್ಯೂಟರ್ ಫಾರ್ಮಿನಲ್ಲಿ ತುಂಬಿದಾಗ ಏನೇನು ಆಗಬೇಕು ನೋಡಿ. ಡೈರಿಯ ಕೋಷ್ಟಕದಲ್ಲಿ ಒಂದು ಸಾಲು ಸೇರಬೇಕು. ಒಡೆಯರ ಕೋಷ್ಟಕದಲ್ಲಿ ಹಳೆಯ ಹೆಸರು ಮುಗಿದು ಆರು ಹೊಸ ಸಾಲು ಬರಬೇಕು. ಖಾತೆಗಳು ಬದಲಾಗಬೇಕು. ಹಕ್ಕು ಬಂದ ರೀತಿಯ ಜಾಗದಲ್ಲಿ ಡೈರಿಯ ನಂಬರು ತಾನಾಗಿ ಬೀಳಬೇಕು. ಹೊಲದ ಮೇಲೆ ಸೊಸೈಟಿಯ ಸಾಲವಿದ್ದರೆ ಆ ಬೋಜಾ ಅಳಿಸದೆ ಮುಂದುವರಿಯಬೇಕು. ಹೀಗೆ ಒಂದು ಫಾರ್ಮಿನಿಂದ ನಾಲ್ಕೈದು ಕೋಷ್ಟಕ.

ಅಂಥ ಫಾರ್ಮ್ ಮಾಡುವವನು ನಾಲ್ಕು ಮಾತು ಮರೆಯಬಾರದು. ಮೊದಲನೆಯದು, ಕ್ರಮ: ಮೂಲದ ಸಾಲು ಮೊದಲು, ಅದಕ್ಕೆ ಜೋತುಬೀಳುವ ಸಾಲುಗಳು ಆಮೇಲೆ. ವರ್ದಿಗೆ ನಂಬರು ಬೀಳದೆ ವಾರಸುದಾರರನ್ನು ಬರೆದರೆ ಅವರು ಯಾವ ವರ್ದಿಯವರು ಎಂಬುದೇ ತಿಳಿಯದು. ಎರಡನೆಯದು, ಪೂರ್ಣತೆ: ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು. ನಾಲ್ಕನೆಯ ಹೆಸರು ಬರೆಯುವಾಗ ಕರೆಂಟು ಹೋದರೆ ಮೂವರೇ ಒಡೆಯರೆಂದು ಉಳಿದುಬಿಡಬಾರದು. ಫಾರ್ಮ್ ಮೊದಲಿನ ಸ್ಥಿತಿಗೆ ಮರಳಬೇಕು. ಇದನ್ನೇ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಮೂರನೆಯದು, ಆಯ್ಕೆ: ಈಗಾಗಲೇ ದಾಖಲೆಯಲ್ಲಿರುವ ಹೊಲವನ್ನಾಗಲಿ ವ್ಯಕ್ತಿಯನ್ನಾಗಲಿ ಪಟ್ಟಿಯಿಂದ ಆರಿಸಬೇಕು, ಮತ್ತೆ ಟೈಪು ಮಾಡಬಾರದು. ನಾಲ್ಕನೆಯದು, ತಾಳೆ: ವಾರಸುದಾರರೆಲ್ಲರ ಪಾಲುಗಳ ಮೊತ್ತ ಹೊಲದ ಮೊತ್ತಕ್ಕೆ ಸಮ ಬರದಿದ್ದರೆ ಫಾರ್ಮ್ ಮುಂದೆ ಹೋಗಲು ಬಿಡಬಾರದು.

1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಸಾಫ್ಟ್‌ವೇರನ್ನು ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಕಲಿತಿದ್ದಾರೆ. ಅದರಲ್ಲಿ ಮುಖ್ಯ ಫಾರ್ಮಿನೊಳಗೆ ಒಂದು ಉಪಫಾರ್ಮ್ ಇಡಬಹುದು. ಮೇಲೆ ಒಂದು ಹೊಲ, ಕೆಳಗೆ ಅದರ ಒಡೆಯರ ಸಾಲುಗಳು, ಎಷ್ಟು ಬೇಕಾದರೂ. ಇದು ಕಾಣಲು ಸಣ್ಣ ಸೌಲಭ್ಯ. ಇದರ ಬೆಲೆಯನ್ನು ಮುಂದೆ ಹೇಳುತ್ತೇನೆ.

‘ಭೂಮಿ’ ಯೋಜನೆ

ಕರ್ನಾಟಕ ಸರ್ಕಾರದ ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ತಾಲೂಕು ಕಚೇರಿಗಳಿಗೆ ಬಂದಿತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ಭೂಮಾಲೀಕರ ವಿವರಗಳನ್ನು ಕನ್ನಡದಲ್ಲಿಯೇ ಕಂಪ್ಯೂಟರಿಗೆ ತುಂಬಿದರು. ಅಲ್ಲಿಯವರೆಗೆ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಇದ್ದ ದಾಖಲೆ ಅದು. ತುಂಬಿದ ಮಾಹಿತಿಯನ್ನು ಅಚ್ಚು ಹಾಕಿ ಮೂಲದೊಂದಿಗೆ ತಾಳೆ ನೋಡಲು ಮತ್ತೆ ಅದೇ ಲೆಕ್ಕಿಗರಿಗೆ ಕೊಟ್ಟರು. ಆಮೇಲೆ ಕೈಬರಹದ ಪಹಣಿಯನ್ನು ನಿಲ್ಲಿಸಲಾಯಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಹಣಿ ಪಡೆಯುವಂತಾಯಿತು. 2002ರಲ್ಲಿ ಕಾಮನ್‌ವೆಲ್ತ್ ದೇಶಗಳ ಸಾರ್ವಜನಿಕ ಆಡಳಿತ ಸಂಸ್ಥೆಯ ಬೆಳ್ಳಿ ಪ್ರಶಸ್ತಿ ಈ ಯೋಜನೆಗೆ ಸಂದಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ಬರೆಯುವ ಬಾಗಿಲು. ಅಲ್ಲಿಯೂ ಯಾರೂ ಪಹಣಿಯ ಹಾಳೆ ತೆರೆದು ಹೆಸರು ತಿದ್ದುವಂತಿಲ್ಲ. ಅರ್ಜಿ ಕೊಟ್ಟಾಗ ನಂಬರು ಬೀಳುತ್ತದೆ, ನೋಟಿಸು ಹೊರಡುತ್ತದೆ, ತಕರಾರಿಗೆ ನಿಗದಿತ ದಿನ ಕಾಯಬೇಕು, ಆದೇಶವಾದ ಮೇಲೆಯೇ ಹೊಸ ಪಹಣಿ. ಬಂದ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕು. ತಿದ್ದುವ ಅಧಿಕಾರಿ ತನ್ನ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಆದ್ದರಿಂದ ‘ನಾನು ಮಾಡಿಲ್ಲ’ ಎನ್ನುವಂತಿಲ್ಲ. ನೂರು ವರ್ಷ ಹಳೆಯ 6ನೇ ನಮೂನೆಯ ಡೈರಿಯೇ ಕಂಪ್ಯೂಟರಿನೊಳಗೆ ಮರುಹುಟ್ಟು ಪಡೆಯಿತು ಎಂದರೆ ತಪ್ಪಾಗಲಾರದು.

ಆದರೆ ಒಂದು ದೋಷ ಉಳಿಯಿತು. ಹಳೆಯ ಕೈಬರಹದಲ್ಲಿ 3ನೇ ಕಾಲಂನ ವಿಸ್ತೀರ್ಣಕ್ಕೂ 9ನೇ ಕಾಲಂನ ಒಡೆಯರ ಪಾಲುಗಳ ಮೊತ್ತಕ್ಕೂ ತಾಳೆಯಿಲ್ಲದ ಎಷ್ಟೋ ಪಹಣಿಗಳಿದ್ದವು. ಅವು ಇದ್ದಂತೆಯೇ ಕಂಪ್ಯೂಟರಿಗೆ ಬಂದವು. ‘3 ಮತ್ತು 9 ಕಾಲಂ ತಾಳೆಯಾಗುವುದಿಲ್ಲ’ ಎಂಬ ಮಾತನ್ನು ತಾಲೂಕು ಕಚೇರಿಯ ಕಿಟಕಿಯಲ್ಲಿ ಕೇಳದ ರೈತ ವಿರಳ. ಕಾಗದದ ಮೇಲಿನ ತಪ್ಪು ಕಾಗದದಲ್ಲಿಯೇ ಮಲಗಿತ್ತು. ಫಾರ್ಮ್ ಲೆಕ್ಕ ಕೇಳತೊಡಗಿದಾಗ ಎದ್ದು ಕುಳಿತಿತು. ಅದನ್ನು ಸರಿಪಡಿಸದೆ ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ. ತಪ್ಪು ಯಾರದೋ ಅಜ್ಜನ ಕಾಲದ್ದು, ಅಲೆದಾಟ ಮೊಮ್ಮಗನದು.

ಹೆಸರು ಮತ್ತು ‘ವಗೈರೆ’

ಇದನ್ನು ಬರೆಯಲು ನನಗೆ ಒಂದು ಸ್ವಂತ ಕಾರಣವೂ ಇದೆ. ನನ್ನ ಅಜ್ಜನಿಗೆ ಎರಡು ತುಂಡು ಹೊಲವಿತ್ತು. ಒಂದರ ಉತಾರದಲ್ಲಿ ಅವರ ಹೆಸರು ‘ಹುಸೇನಸಾಬ’, ಇನ್ನೊಂದರಲ್ಲಿ ‘ಉಸೇನಸಾಬ’. ತಂದೆಯ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಅರ್ಧ. ಉರ್ದುವಿನ ಖ, ಫ, ಜ಼ ಅಕ್ಷರಗಳನ್ನು ಕೇಳಿದವರು ತಮಗೆ ತಿಳಿದಂತೆ ಕನ್ನಡದಲ್ಲಿ ಬರೆದುಕೊಂಡಿದ್ದರು. ಊರವರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತು. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಮನುಷ್ಯರು. ಅಜ್ಜ ತೀರಿಕೊಂಡ ಮೇಲೆ ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ಟು, ಪಂಚರ ಹೇಳಿಕೆ, ವಂಶವೃಕ್ಷ ಎಂದು ಅಬ್ಬಾ ಎರಡು ವರ್ಷ ಓಡಾಡಿದರು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಕಾಗದ. ಅಜ್ಜನ ತಂದೆಯ ಕಾಲದ ಒಂದು ಹಳೆಯ ನಕಲಿನಲ್ಲಿ ಒಡೆಯರ ಜಾಗದಲ್ಲಿ ಒಬ್ಬ ಹಿರಿಯ ಮಗನ ಹೆಸರು ಬರೆದು ಮುಂದೆ ‘ವಗೈರೆ’ ಎಂದಷ್ಟೇ ಇದೆ. ‘ವಗೈರೆ’ ಅರಬ್ಬಿಯ ‘ವ ಗೈರಹ್’, ಮತ್ತು ಇತರರು ಎಂದು. ಆ ಇತರರಲ್ಲಿ ಮೂವರು ಅಕ್ಕತಂಗಿಯರಿದ್ದರು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅವರ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ. ಅಂದಿನ ಬರೆಹಗಾರನನ್ನು ಕೇಳಿದ್ದರೆ ‘ಜಾಗ ಸಾಲಲಿಲ್ಲ’ ಎನ್ನುತ್ತಿದ್ದನೇನೋ. ಒಂದಿಂಚು ಅಗಲದ ಕಾಲಂನಲ್ಲಿ ಆರು ಹೆಸರು ಹಿಡಿಯುವುದಿಲ್ಲ ನಿಜ. ಯಾವ ಸಮುದಾಯದ ಮನೆಯನ್ನೇ ನೋಡಿ, ಜಾಗ ಸಾಲದಾಗ ಮೊದಲು ಬಿಟ್ಟುಹೋಗುವ ಹೆಸರು ಹೆಣ್ಣುಮಗಳದೇ.

ಉಪಫಾರ್ಮಿನ ಬೆಲೆ ಎಂದು ಮೇಲೆ ಹೇಳಿದ್ದು ಇದನ್ನೇ. ಒಡೆಯರಿಗೆ ಬೇರೆ ಕೋಷ್ಟಕ ಇದ್ದರೆ, ಫಾರ್ಮಿನಲ್ಲಿ ಬೇಕಾದಷ್ಟು ಸಾಲು ಸೇರಿಸುವಂತಿದ್ದರೆ, ‘ವಗೈರೆ’ ಎಂಬ ಶಬ್ದಕ್ಕೆ ಕೆಲಸವೇ ಇಲ್ಲ. ಹೆಸರು ಬಿಡುವುದಿದ್ದರೆ ಅದು ನಾವೇ ಬಿಡಬೇಕು. ಕಾಗದದ ಮೇಲೆ ತಪ್ಪು ಹಾಕುವಂತಿಲ್ಲ.

ಇಂದಿನ ಸ್ಥಿತಿ

ಉಪನೋಂದಣಿ ಕಚೇರಿಗಳಿಗೆ ಬಂದ ‘ಕಾವೇರಿ’, ಮೋಜಣಿಗೆ ಬಂದ ‘ಮೋಜಿಣಿ’ ಎಂಬ ವ್ಯವಸ್ಥೆಗಳು ಈಗ ‘ಭೂಮಿ’ಯೊಂದಿಗೆ ಜೋಡಣೆಯಾಗಿವೆ. ಖರೀದಿ ನೋಂದಣಿಯಾದರೆ ಸುದ್ದಿ ಚೀಟಿಯ ಮೂಲಕ ಹೋಗುವ ಕಾಲ ಮುಗಿದು, ಮಾಹಿತಿ ತಾನಾಗಿ ಬರುತ್ತದೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಸರ್ಕಾರ ರಾಜ್ಯದಾದ್ಯಂತ ಕೈಗೊಂಡಿತು. ಆಗ ಎಷ್ಟೋ ಪಹಣಿಗಳು ತೀರಿಕೊಂಡವರ ಹೆಸರಿನಲ್ಲಿಯೇ ಇರುವುದು ಬೆಳಕಿಗೆ ಬಂದು, ಪೌತಿ ಖಾತೆಗೆ ಒತ್ತು ಬಿತ್ತು. ತೀರಿಕೊಂಡವರ ಹೆಸರಿನಲ್ಲಿ ಪಹಣಿ ಇದ್ದರೆ ಸಾಲಕ್ಕೂ ಪರಿಹಾರಕ್ಕೂ ತೊಡಕು ಎಂಬುದು ರೈತರ ಮನೆಯ ಮಕ್ಕಳಿಗೆ ಹೇಳಬೇಕಾಗಿಲ್ಲ.

ಒಂದು ಕಾಲಂನ ತೂಕ ಎಷ್ಟು ಎಂಬುದನ್ನು ನಮ್ಮ ಸೀಮೆ 2024ರ ಅಕ್ಟೋಬರ್-ನವೆಂಬರ್‌ನಲ್ಲಿ ಕಂಡಿತು. ಪಹಣಿಯ 11ನೇ ಕಾಲಂನಲ್ಲಿ ವಕ್ಫ್ ನಮೂದು ಮತ್ತು ನೋಟಿಸುಗಳ ವಿಷಯದಲ್ಲಿ ರಾಜ್ಯದಲ್ಲಿ ದೊಡ್ಡ ವಿವಾದವೆದ್ದಿತು. ನಮ್ಮ ತಾಲೂಕಿನ ಕಡಕೋಳದಲ್ಲಿ ಅದೇ ಆತಂಕದಿಂದ ಕಲ್ಲು ತೂರಾಟವೂ ನಡೆಯಿತು. ಕೊನೆಗೆ ಸರ್ಕಾರ ನೋಟಿಸುಗಳನ್ನು ಹಿಂಪಡೆಯಲು ಸೂಚಿಸಿತು. ಆ ವಿವಾದದ ಸರಿ ತಪ್ಪುಗಳ ಚರ್ಚೆಗೆ ಇದು ವೇದಿಕೆಯಲ್ಲ. ಆದರೆ ನಂಬರು ಹಾಕಿದ ವರ್ದಿ, ಸಂಬಂಧಪಟ್ಟವರಿಗೆ ತಿಳಿಯುವಂತೆ ನೋಟಿಸು, ತಕರಾರಿಗೆ ಅವಕಾಶ ಎಂಬ ಹಳೆಯ ಕ್ರಮ ಏಕೆ ಬೇಕು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಗಿರಬೇಕು. ನೆರೆಹೊರೆಯವರ ನಡುವಿನ ನಂಬಿಕೆ ಕೂಡ ಒಂದು ಕಾಲಂನಲ್ಲಿ ಯಾರು, ಯಾವಾಗ, ಯಾವ ಆಧಾರದಿಂದ ಬರೆದರು ಎಂಬುದು ಸ್ಪಷ್ಟವಾಗಿರುವುದರ ಮೇಲೆ ನಿಂತಿರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ನಮ್ಮ ಶಾಲೆಯ ದಾಖಲಾತಿ ವಹಿಯೂ ಒಂದು ದಫ್ತರವೇ. ಒಂದನೆಯ ತರಗತಿಗೆ ಸೇರಿಸುವಾಗ ಬರೆದ ಹೆಸರು ಮುಂದೆ ವರ್ಗಾವಣೆ ಪತ್ರ, ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹೋಗುತ್ತದೆ. ಅದಕ್ಕಾಗಿಯೇ ಜೂನ್ ತಿಂಗಳಲ್ಲಿ ದಾಖಲಾತಿಗೆ ಬರುವ ಪಾಲಕರಿಗೆ ನಾನು ಹೆಸರನ್ನು ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ಬರೆದು ತೋರಿಸಿ, ಓದಿ ಹೇಳಿ, ಅವರು ಸರಿ ಎಂದ ಮೇಲೆ ಫಾರ್ಮಿನಲ್ಲಿ ತುಂಬುತ್ತೇನೆ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ಮುಂದಿನ ಎರಡು ವರ್ಷಗಳ ಅಲೆದಾಟ ತಪ್ಪುತ್ತದೆ.

ಈ ಲೇಖನ ಓದುವ ವಿದ್ಯಾರ್ಥಿಗಳು ಇಂದು ಸಂಜೆ ಮನೆಯಲ್ಲಿ ಉತಾರ ತೆಗೆಸಿ ನೋಡಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, ಅವರು ಜೀವಂತವಾಗಿದ್ದಾರೆಯೇ, ಮೊತ್ತ 3ನೇ ಕಾಲಂಗೆ ತಾಳೆಯಾಗುತ್ತದೆಯೇ, ಅತ್ತೆಯಂದಿರ ಮತ್ತು ಅಕ್ಕಂದಿರ ಹೆಸರು ಇರಬೇಕಾದಲ್ಲಿ ಇದೆಯೇ ಎಂದು ಹಿರಿಯರನ್ನು ವಿನಯದಿಂದ ಕೇಳಿರಿ. ನಿಮ್ಮಲ್ಲಿ ಕೆಲವರು ಮುಂದೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವಿರಿ, ಕೆಲವರು ಗ್ರಾಮ ಆಡಳಿತಾಧಿಕಾರಿಗಳಾಗುವಿರಿ, ಕೆಲವರು ನನ್ನಂತೆ ಶಾಲೆಯ ವಹಿ ಬರೆಯುವಿರಿ. ಎಲ್ಲಿಯೇ ಇರಿ, ನಿಮ್ಮ ಕೈಯಿಂದ ಒಂದು ಫಾರ್ಮ್ ತಯಾರಾಗುವಾಗ ಅದನ್ನು ತುಂಬುವ ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸಾಲು ಅದರಲ್ಲಿ ಇರಲಿ.

ನನ್ನ ವಿದ್ಯಾರ್ಥಿ ಆ ಸಂಜೆ ಹಾಳೆಯ ಹಿಂದೆ ಪೆನ್ಸಿಲಿನಿಂದ ಐದು ಚೌಕ ಬರೆದು, ಅವುಗಳ ನಡುವೆ ಗೆರೆ ಎಳೆದು, “ಈಗ ತಿಳಿಯಿತು ಸರ್” ಎಂದ. ಆಮೇಲೆ ಉತಾರವನ್ನು ಮಡಚುವ ಮುಂಚೆ ಇನ್ನೊಮ್ಮೆ ನೋಡಿ, “ಇದರಲ್ಲಿ ನಮ್ಮ ಫುಫ್ಫೀ ಹೆಸರಿಲ್ಲ” ಎಂದ. ಮರುದಿನ ಅಪ್ಪ-ಮಗ ಇಬ್ಬರೂ ಪೌತಿ ಖಾತೆಯ ಅರ್ಜಿ ಕೇಳಿಕೊಂಡು ಸವಣೂರಿನ ಬಸ್ಸು ಹತ್ತಿದರು.